ನೆಲ್ಲಿನ ಹುಲ್ಲು ಸುಡದೇ ಮಣ್ಣಿಗೆ ಸೇರಿಸ್ಬೇಕಂದ್ರ ಬ್ಯಾಕ್ಟೀರಿಯಾ ಬಾಟ್ಲಿ ಬೇಕೇ ಬೇಕೇನು? (ತುಂಗಭದ್ರಾ ಎಡದಂಡೆ, ಎರೆಭೂಮಿ)

ಎಡದಂಡೆ ರೈತ:

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಕಾರಟಗಿ ಕಡೆ, ಎಡದಂಡೆ ಕಾಲುವೆ ನೀರು, ಎರೆಭೂಮಿ. ಡ್ಯಾಮ್ ತುಂಬಿದ ವರ್ಷ ಎರಡು ಬೆಳೆ ನೆಲ್ಲು, ಇಲ್ಲಾಂದ್ರ ಒಂದೇ. ಸೋನಾ ಮಸೂರಿ ಮತ್ತ ಆರ್‌ಎನ್‌ಆರ್ ತಳಿ ಹಾಕ್ತೀವಿ. ಕಟಾವು ಎಲ್ಲಾ ಮಷಿನ್ನಿಂದನ, ಮಷಿನ್ ಹೋದ ಮ್ಯಾಲೆ ಗದ್ದಿ ತುಂಬ ಹುಲ್ಲು ಸಾಲು ಸಾಲಾಗಿ ಬಿದ್ದಿರ್ತದ, ಕೆಳಗ ಮೊಳಕಾಲುದ್ದ ಕೂಳೆ ನಿಂತಿರ್ತದ, ನಮ್ಮ ಕಡೆ ಎಲ್ಲರೂ ಬೆಂಕಿ ಹಚ್ಚಿಬಿಡ್ತಾರ. ಡಿಸೆಂಬರ್‌ದಾಗ ಸಂಜಿಮುಂದ ಗಂಗಾವತಿ ರೋಡ್‌ನ್ಯಾಗ ಬಂದ್ರ ಹೊಗಿಯೊಳಗ ಮುಂದಿನ ಗಾಡಿ ಕಾಣಂಗಿಲ್ಲ.

ಈ ಸಲದಿಂದ ಸುಡೋದು ನಿಲ್ಲಿಸಬೇಕಂತ ಮನಿಯೊಳಗ ಮಾತಾಗೇತಿ. ಕಾರಣ ಏನಂದ್ರ ಮಣ್ಣು ಪರೀಕ್ಷಿ ಮಾಡಿಸಿದ್ವಿ, ಸಾವಯವ ಇಂಗಾಲ 0.4 ಪರ್ಸೆಂಟ್ ಬಂದೈತಿ, 0.5ಕ್ಕಿಂತ ಕಡಿಮಿ ಅಂದ್ರ ಬಡವಾದ ಮಣ್ಣು ಅಂತ ಹೇಳಿದ್ರು. ಮೊದಲು ಹಾಕೋ ಅಷ್ಟು ಯೂರಿಯಾಕ್ಕ ಈಗ ಬೆಳಿ ಏಳಂಗಿಲ್ಲ, ಬಿಸಲಿಗೆ ಮಣ್ಣು ಕಲ್ಲಿನಂಗ ಗಟ್ಟಿ ಆಗ್ತದ. ಅಂಗಡಿಯಾಗ ಕೇಳಿದ್ರ ಒಂದು ಬಾಟ್ಲಿ ಕೊಟ್ರು, ಇದರಾಗ ಬ್ಯಾಕ್ಟೀರಿಯಾ ಅದಾವ, ಹೊಡೆದ್ರ ಹದಿನೈದು ದಿನದಾಗ ಹುಲ್ಲು ಗೊಬ್ಬರ ಆಗ್ತದ, ಯೂರಿಯಾನೂ ಅರ್ಧ ಸಾಕು ಅಂತಾರ. ಇದು ಖರೆ ಏನು? ಆದ್ರ ನಮ್ಮ ಮಗ್ಗಲಿನ ಗದ್ದಿಯವರು ಹೋದ ವರ್ಷ ಹುಲ್ಲು ರೋಟಾವೇಟರ್ (ಟ್ರ್ಯಾಕ್ಟರ್‌ಗೆ ಕಟ್ಟಿ ಮಣ್ಣು ತಿರುವೋ ಮಷಿನ್) ಹೊಡೆದು ಅದರ ಮ್ಯಾಲೆ ನೀರು ಬಿಟ್ಟು ವಾರದಾಗ ನಾಟಿ ಮಾಡಿದ್ರು, ಸಸಿ ಎಲ್ಲಾ ಹಳದಿ ಆಗಿ ಒಂದು ತಿಂಗಳು ಏಳಲೇ ಇಲ್ಲ, ಕೆಸರಾಗ ಕಾಲಿಟ್ರ ಕೆಟ್ಟ ವಾಸನಿ, ಗುಳ್ಳಿ ಏಳ್ತಿದ್ದವು. ಅದನ್ನ ನೋಡಿ ಮನಿಯಾಗಿನ ಹಿರಿಯರು ಸುಡೋದ ಚೊಲೋ ಅಂತಾರ. ತಿಳಿದವರು ಯಾರಾದ್ರೂ ಪೂರ್ತಿ ಬಿಡಿಸಿ ಹೇಳ್ರಿ, ಅರ್ಧ ಮರ್ಧ ಮಾಹಿತಿಯಿಂದ ಬೆಳಿ ಕಳ್ಕೊಳ್ಳೋ ಪರಿಸ್ಥಿತಿ ನಮ್ಮದಿಲ್ಲ.

ಸಿಂಧನೂರು ಕ್ಯಾಂಪ್:

ಅಣ್ಣಾ ನಾನೂ ನಿಮ್ಮ ಕಡೆಯವನ. ಒಂದ ಮಾತು ಹೇಳ್ತೀನಿ, ಸುಡೋರು ಯಾರೂ ಖುಷಿಗೆ ಸುಡಂಗಿಲ್ಲ. ಮೊದಲನೇ ಬೆಳಿ ಕಟಾವಿಗೂ ಎರಡನೇ ಬೆಳಿ ನಾಟಿಗೂ ನಡುವ ಟೈಮೇ ಇರಂಗಿಲ್ಲ, ಕಾಲುವಿ ನೀರು ಬಂದಾಗ ನಾಟಿ ಮಾಡಬೇಕು, ತಡ ಆದ್ರ ಕೊನೀಗೆ ನೀರು ನಿಂತು ಕಾಳು ತುಂಬೋ ಟೈಮ್‌ದಾಗ ಬೆಳಿ ಒಣಗ್ತದ. ಟೇಲ್ ಎಂಡ್‌ನವರಿಗೆ, ಅಂದ್ರ ಕಾಲುವಿ ಕೊನಿಯಾಗಿರೋರಿಗೆ, ಇನ್ನೂ ಕಷ್ಟ. ಹುಲ್ಲು ತೆಗಿಯಾಕ ಕೂಲಿ ಸಿಗಂಗಿಲ್ಲ. ಸುಟ್ರ ಕಾಂಡಕೊರಕ ಹುಳ, ರೋಗ ಎಲ್ಲಾ ಸಾಯ್ತಾವ ಅಂತಾನೂ ನಂಬಿಕೆ. ಹೊಲ ಸುಡಬ್ಯಾಡ್ರಿ ಅಂತ ಹೇಳೋರು ಈ ಟೈಮ್ ಲೆಕ್ಕ ಬಿಡಿಸಿ ಹೇಳ್ಬೇಕು ಅಷ್ಟ ನಮ್ಮ ಬೇಡಿಕೆ.

ಮಣ್ಣಿನ ಮೇಷ್ಟ್ರು:

ಇಬ್ರೂ ಕೇಳಿರೋದು ಸರಿಯಾದ ಪ್ರಶ್ನೆ. ನಾನು ಮಣ್ಣಿನ ಸೂಕ್ಷ್ಮಜೀವಿ ವಿಷಯ ಓದಿದವನು, ಭತ್ತದ ಗದ್ದೆಗಳಲ್ಲೇ ಕೆಲಸ ಮಾಡಿದೀನಿ, ಸ್ವಲ್ಪ ಉದ್ದ ಆಗುತ್ತೆ ಓದಿ.

ಮೊದಲು ಸುಟ್ರೆ ಏನು ಹೋಗುತ್ತೆ ಅಂತ ನೋಡೋಣ. ಎಕರೆಗೆ 75 ಕೆಜಿಯ 35-40 ಚೀಲ ಭತ್ತ ಬಂತು ಅಂದ್ರೆ ಹುಲ್ಲೂ ಹತ್ತಿರ ಹತ್ತಿರ ಅಷ್ಟೇ ತೂಕ, ಎರಡೂವರೆಯಿಂದ ಮೂರು ಟನ್. ಒಂದು ಟನ್ ಹುಲ್ಲಲ್ಲಿ ಸಾರಜನಕ 5ರಿಂದ 8 ಕೆಜಿ, ಪೊಟ್ಯಾಸಿಯಂ 15-20 ಕೆಜಿ, ರಂಜಕ 1 ಕೆಜಿ ಆಸುಪಾಸು, ಸಿಲಿಕಾನ್ 40-70 ಕೆಜಿ ಇರುತ್ತೆ. ಅಂದ್ರೆ ನಿಮ್ಮ ಒಂದು ಎಕರೆ ಹುಲ್ಲಲ್ಲಿ ಸುಮಾರು ಒಂದು ಚೀಲ ಯೂರಿಯಾದಷ್ಟು ಸಾರಜನಕ, ಒಂದೂವರೆ ಎರಡು ಚೀಲ ಪೊಟ್ಯಾಶ್‌ನಷ್ಟು ಪೊಟ್ಯಾಶ್ ಬಿದ್ದಿದೆ. ಬೆಂಕಿ ಹಚ್ಚಿದ್ರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ, ರಂಜಕ ಕಾಲು ಭಾಗ, ಪೊಟ್ಯಾಶ್ ಐದರಲ್ಲೊಂದು ಭಾಗ ಹೋಗುತ್ತೆ. ಉಳಿದ ಪೊಟ್ಯಾಶ್ ಬೂದಿಯಲ್ಲಿರುತ್ತೆ ನಿಜ, ಆದ್ರೆ ಬೂದಿ ಸಾಲು ಬಿದ್ದಲ್ಲೇ ಗುಡ್ಡೆಯಾಗಿರುತ್ತೆ, ಗದ್ದೆಗೆಲ್ಲ ಹರಡಲ್ಲ, ಗಾಳಿಗೆ ನೀರಿಗೆ ಹೋಗುತ್ತೆ. ಇಂಗಾಲ ಅಂತೂ ಪೂರಾ ಹೋಯ್ತು, ನಿಮ್ಮ 0.4 ಮೇಲೇಳಬೇಕು ಅಂದ್ರೆ ಬೇಕಾಗಿರೋದೇ ಅದು.

ಕಾಂಡಕೊರಕದ ವಿಷಯ, ಅದರ ಮರಿಹುಳ ಕೂಳೆಯ ಬುಡದಲ್ಲಿ ಕೂತಿರುತ್ತೆ, ಮೇಲೆ ಬಿದ್ದ ಹುಲ್ಲು ಉರಿದು ಹೋದ್ರೂ ನೆಲಮಟ್ಟದ ಹಸಿ ಬುಡ ಎಷ್ಟೋ ಕಡೆ ಉಳಿಯುತ್ತೆ. ಕೂಳೆ ಉತ್ತು ಮಣ್ಣಲ್ಲಿ ಮುಚ್ಚಿ ನೀರು ಕಟ್ಟಿದ್ರೆ ಅದಕ್ಕಿಂತ ಚೆನ್ನಾಗಿ ಸಾಯುತ್ತೆ. ಎಲೆಕವಚ ಒಣಗುವ ರೋಗ ಅಥವಾ ಕಾಂಡ ಕೊಳೆ ರೋಗ ಜೋರಾಗಿ ಬಂದಿದ್ದ ಗದ್ದೆ ಆದ್ರೆ ಮಾತ್ರ ಎಚ್ಚರ ಬೇಕು, ಆ ಶಿಲೀಂಧ್ರದ ಗಂಟುಗಳು ಹುಲ್ಲಲ್ಲಿ ಕೂಳೆಯಲ್ಲಿ ಉಳಿಯುತ್ತವೆ. ಅಂಥ ಗದ್ದೆಯ ಹುಲ್ಲನ್ನ ಹೊರಗೆ ತೆಗೆದು ಕಾಂಪೋಸ್ಟ್ ಮಾಡಿ, ರಾಶಿ ಒಳಗೆ ಬಿಸಿ 60 ಡಿಗ್ರಿ ಹತ್ತಿರ ಹೋದ್ರೆ ಅವು ಬದುಕಲ್ಲ.

ಈಗ ಪಕ್ಕದವರ ಗದ್ದೆ ಹಳದಿ ಆಗಿದ್ದು. ಇದು ಅರ್ಥ ಆದ್ರೆ ಮುಕ್ಕಾಲು ಭಾಗ ವಿಷಯ ಅರ್ಥ ಆದಂಗೆ. ಭತ್ತದ ಹುಲ್ಲಲ್ಲಿ ಇಂಗಾಲ ಸಾರಜನಕದ ಲೆಕ್ಕ 60ರಿಂದ 80ಕ್ಕೆ 1 ಇರುತ್ತೆ, ಬ್ಯಾಕ್ಟೀರಿಯಾ ಮೈಯಲ್ಲಿ ಅದು 8ಕ್ಕೆ 1ರ ಆಸುಪಾಸು. ಹುಲ್ಲು ತಿನ್ನೋಕೆ ಶುರು ಮಾಡಿದ ಸೂಕ್ಷ್ಮಜೀವಿಗೆ ಇಂಗಾಲ ಬೇಕಾದಷ್ಟಿದೆ, ಮೈ ಕಟ್ಟೋಕೆ ಸಾರಜನಕ ಸಾಲದು, ಹಾಗಾಗಿ ಮಣ್ಣಲ್ಲಿರೋ ಸಾರಜನಕ, ನೀವು ಹಾಕಿದ ಯೂರಿಯಾ, ಎಲ್ಲಾ ಮೊದಲು ತಾನೇ ತಗೊಳ್ಳುತ್ತೆ. ಅದೇ ಟೈಮಿಗೆ ಸಸಿ ನೆಟ್ರೆ ಸಸಿಗೆ ಏನೂ ಉಳಿದಿರಲ್ಲ, ಹಳದಿ ಆಗುತ್ತೆ. ಇದರ ಜೊತೆಗೆ ಹಸಿ ಹುಲ್ಲಿನ ಮೇಲೆ ನೀರು ನಿಂತಿದ್ದರಿಂದ ಮಣ್ಣೊಳಗೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಕೆಲಸ ಮಾಡೋ ಜೀವಿಗಳ ಗುಂಪೇ ಬೇರೆ, ಅವು ಹುಲ್ಲನ್ನ ಅರ್ಧಂಬರ್ಧ ಕೊಳೆಸಿ ಆಸಿಡ್ ಬಿಡ್ತವೆ, ಮೀಥೇನ್ ಬಿಡ್ತವೆ (ನೀವು ನೋಡಿದ ಗುಳ್ಳೆ ಅದು), ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಹೊಸ ಬೇರಿಗೆ ಇವು ವಿಷ. ಒಂದು ಸಸಿ ಕಿತ್ತು ನೋಡಿದ್ರೆ ಬೇರು ಬಿಳಿ ಇರೋ ಬದಲು ಕಪ್ಪಾಗಿರೋದು ಕಾಣುತ್ತೆ. ಅಂದ್ರೆ ಹುಲ್ಲು ಸೇರಿಸಿದ್ದು ತಪ್ಪಲ್ಲ, ನೀರು ಬಿಡೋದಕ್ಕೆ ಮುಂಚೆ ಕೊಳೆಯೋಕೆ ಗಾಳಿಯಾಡೋ ಟೈಮ್ ಕೊಡಲಿಲ್ಲ.

ಈಗ ಬಾಟ್ಲಿ. ಹುಲ್ಲು ಕೊಳೆಸೋ ಜೀವಿಗಳು ಬೇರೆ, ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಬೇರೆ, ರೋಗ ತಡೆಯೋವು ಬೇರೆ. ಅಂಗಡಿಯವರು ಎಲ್ಲಾ ಸೇರಿಸಿ ಒಂದೇ ಹೆಸರಲ್ಲಿ ಕೊಡ್ತಾರೆ, ನೀವು ಲೇಬಲ್ ಓದಬೇಕು. ಹುಲ್ಲಿನ ಗಟ್ಟಿ ಭಾಗ, ಲಿಗ್ನಿನ್ ಮತ್ತೆ ಸಿಲಿಕಾ ಹೊದಿಕೆ, ಅದನ್ನ ಮೊದಲು ಮುರಿಯೋದು ಹೆಚ್ಚಾಗಿ ಶಿಲೀಂಧ್ರಗಳು, ಬ್ಯಾಕ್ಟೀರಿಯಾ ಆಮೇಲೆ ಬರೋದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಾಡಿರೋ ಪೂಸಾ ಡಿಕಂಪೋಸರ್ ಪೂರ್ತಿ ಶಿಲೀಂಧ್ರಗಳದ್ದು, ಅವರೇ ಹೇಳೋ ಅವಧಿ 25 ದಿನದ ಆಸುಪಾಸು, ಅದೂ ಹೊಡೆದ ಮೇಲೆ ಹುಲ್ಲನ್ನ ಮಣ್ಣಿಗೆ ಬೆರೆಸಿ ತೇವ ಇಟ್ಟಾಗ. ಹಾಗಾಗಿ ಹದಿನೈದು ದಿನದಲ್ಲಿ ಗೊಬ್ಬರ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್ ಇನ್ನೊಂದು, 200 ಲೀಟರ್ ನೀರಿಗೆ 2 ಕೆಜಿ ಬೆಲ್ಲ ಹಾಕಿ ಒಂದು ಸಣ್ಣ ಡಬ್ಬಿ ಕದಡಿ ದಿನಾ ಕಲಕಿದ್ರೆ ವಾರದಲ್ಲಿ ರೆಡಿ ಆಗುತ್ತೆ, ಖರ್ಚು ಬಹಳ ಕಮ್ಮಿ.

ಆದ್ರೆ ಇವು ಯಾವುದೇ ಆಗ್ಲಿ ಹೆಪ್ಪು ಇದ್ದಂಗೆ, ಹೆಪ್ಪು ಎಷ್ಟೇ ಚೆನ್ನಾಗಿದ್ರೂ ಹಾಲು ಬೆಚ್ಚಗಿಲ್ಲದಿದ್ರೆ ಮೊಸರಾಗಲ್ಲ. ತೇವ, ಗಾಳಿ, ಸ್ವಲ್ಪ ಸಾರಜನಕ, ಹುಲ್ಲು ಸಣ್ಣಗೆ ತುಂಡಾಗಿ ಮಣ್ಣಿಗೆ ಅಂಟಿರೋದು, ಇಷ್ಟಿದ್ರೆ ನಿಮ್ಮ ಎರೆಮಣ್ಣಲ್ಲಿ ಈಗಾಗ್ಲೇ ಇರೋ ಜೀವಿಗಳೇ ಕೊಳೆಸ್ತವೆ. ಇಷ್ಟಿಲ್ಲದೆ ಒಣ ಹುಲ್ಲಿನ ಮೇಲೆ ಬಿಸಿಲಲ್ಲಿ ಬಾಟ್ಲಿ ಹೊಡೆದ್ರೆ ಆ ಜೀವಿಗಳಲ್ಲಿ ಬಹಳಷ್ಟು ಕೆಲಸ ಶುರು ಮಾಡೋ ಮುಂಚೆನೇ ಸಾಯ್ತವೆ. ದುಡ್ಡು ಮೊದಲು ಹುಲ್ಲು ಕತ್ತರಿಸೋ ಮಷಿನ್ನಿಗೆ, ಆಮೇಲೆ ಉಳುಮೆಗೆ, ಉಳಿದ್ರೆ ಬಾಟ್ಲಿಗೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಯೂರಿಯಾ ಅರ್ಧ ಸಾಕು ಅನ್ನೋದನ್ನ ಮೊದಲನೇ ವರ್ಷ ಖಂಡಿತ ಮಾಡಬೇಡಿ. ಅಜೋಸ್ಪಿರಿಲಂ ಅನ್ನೋ ಬ್ಯಾಕ್ಟೀರಿಯಾ ಭತ್ತದ ಬೇರಿನ ಸುತ್ತ ಸಾರಜನಕ ಹಿಡಿಯುತ್ತೆ, ಬೇರು ಚೆನ್ನಾಗಿ ಕವಲೊಡೆಯೋಕೂ ಸಹಾಯ ಮಾಡುತ್ತೆ, ಅದು ನಿಜ, ಆದ್ರೆ ಅದರಿಂದ ಬರೋದು ಸ್ವಲ್ಪ ಉಳಿತಾಯ, ಅರ್ಧಕ್ಕರ್ಧ ಅಲ್ಲ. ಭತ್ತದ ಗದ್ದೆಗೆ ಒಂದು ದೊಡ್ಡ ವರ ಇದೆ, ನಿಂತ ನೀರಲ್ಲಿ ನೀಲಿ ಹಸಿರು ಪಾಚಿ, ಮಣ್ಣಲ್ಲಿರೋ ಬೇರೆ ಬ್ಯಾಕ್ಟೀರಿಯಾ ಎಲ್ಲಾ ಸೇರಿ ತಾವಾಗೇ ಸಾರಜನಕ ಹಿಡಿತಾ ಇರ್ತವೆ. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರೋ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಿಂದ ಒಂದೇ ಜಾಗದಲ್ಲಿ ಬೆಳೆ ಮೇಲೆ ಬೆಳೆ ಭತ್ತ ಬೆಳೀತಾ ಬಂದಿದಾರೆ, ಅಲ್ಲಿ ಸಾರಜನಕ ಗೊಬ್ಬರವೇ ಹಾಕದ ತುಂಡು ಗದ್ದೆಗಳೂ ಇಷ್ಟು ದಶಕ ಒಂದು ಮಟ್ಟದ ಇಳುವರಿ ಕೊಡ್ತಾನೇ ಬಂದಿವೆ. ಆ ಸಾರಜನಕದಲ್ಲಿ ದೊಡ್ಡ ಪಾಲು ಕೊಟ್ಟಿದ್ದು ಈ ಜೀವಿಗಳೇ. ಅವುಗಳಿಗೆ ಊಟ ಬೇಕು, ಹುಲ್ಲಿನ ಇಂಗಾಲ ಆ ಊಟ.

ಎಡದಂಡೆ ರೈತ:

ಸರ್ ಭಾಳ ಚೊಲೋ ಬಿಡಿಸಿ ಹೇಳಿದ್ರಿ, ಮನಿಯಾಗ ಎಲ್ಲರಿಗೂ ಓದಿ ಹೇಳಿದೆ. ಹಳದಿ ಆಗಿದ್ದು ಯಾಕ ಅಂತ ಈಗ ತಿಳೀತು. ಆದ್ರ ಸಿಂಧನೂರು ಅಣ್ಣಾರು ಕೇಳಿದ ಟೈಮಿನ ಪ್ರಶ್ನೆ ಹಂಗ ಉಳೀತು. ನಮ್ಮ ಕಡೆ ಮುಂಗಾರು ಬೆಳಿ ನವೆಂಬರ್ ಕೊನಿ, ಡಿಸೆಂಬರ್‌ಗೆ ಕಟಾವು, ನೀರು ಕೊಟ್ರ ಜನವರಿಯಾಗ ಬ್ಯಾಸಿಗಿ ಬೆಳಿ ನಾಟಿ, ಅದು ಏಪ್ರಿಲ್ ಕೊನಿ, ಮೇ ಕಟಾವು, ಆಮ್ಯಾಲೆ ಜುಲೈ ಆಗಸ್ಟ್ ತನಕ ನೀರಿಲ್ಲ. ಇನ್ನೊಂದು, ಕೆಳಗಿನ ಗದ್ದಿಯೊಳಗ ಎರಡು ಮೂಲ್ಯಾಗ ಸವಳು ಐತಿ, ಬಿಳಿ ಉಪ್ಪು ಮ್ಯಾಲೆ ಬರ್ತದ. ಅಲ್ಲಿ ಈ ಬ್ಯಾಕ್ಟೀರಿಯಾ ಬದುಕ್ತಾವೇನು?

ಮದ್ದೂರು ಗದ್ದೆ:

ನಮ್ದು ಮಂಡ್ಯ ಕಡೆ ಕಣಣ್ಣ, ಕೆಆರ್‌ಎಸ್ ನಾಲೆ ನೀರು. ನಮ್ ಕಡೆ ಹುಲ್ ಸುಡೋರು ಕಮ್ಮಿ, ಯಾಕಂದ್ರೆ ಮನೆಗೊಂದೆರಡು ಹಸ ಅವೆ, ಹುಲ್ ಮೆದೆ ಹಾಕ್ಕೊತೀವಿ, ಹಸ ತಿಂದು ಸಗಣಿ ತಿಪ್ಪೆಗೆ, ತಿಪ್ಪೆ ಗೊಬ್ರ ಗದ್ದೆಗೆ. ಆದ್ರೆ ಈಗ ನಮ್ಮಲ್ಲೂ ಮಷಿನ್ ಕಟಾವು ಬಂದು ಹುಲ್ಲು ನುಚ್ಚಾಗೋಯ್ತದೆ, ಬೇಲರ್ ಮಷಿನ್ ತರ್ಸಿ ಕಟ್ಟು ಕಟ್ಟುಸ್ತೀವಿ. ನಿಮ್ ಕಡೆಗೂ ಬೇಲರ್ ಬತ್ತದೆ ಅಲ್ವಾ, ಹಾಲಿನ ಡೈರಿ ಇಟ್ಟೋರು ತಗೋತಾರೆ ವಿಚಾರ್ಸಿ. ಒಂದು ಮಾತ್ರ ನೆನಪಿಟ್ಕಳಿ, ಹುಲ್ ಮಾರುದ್ರೆ ಪೊಟ್ಯಾಶ್ ಮಾರ್ದಂಗೆ, ಮೇಷ್ಟ್ರು ಹೇಳುದ್ರಲ್ಲ ಎಕರೆಗೆ ಒಂದೂವರೆ ಎರಡು ಮೂಟೆ ಅಂತ, ಆ ಪೊಟ್ಯಾಶ್ನ ವಾಪಸ್ ಗದ್ದೆಗೆ ಕೊಡ್ಲೇಬೇಕು, ಇಲ್ಲಾಂದ್ರೆ ನಾಕೈದು ವರ್ಷಕ್ಕೆ ಪೈರು ಬೀಳೋಕೆ ಶುರು ಆಯ್ತದೆ, ಕಾಳು ಜೊಳ್ಳಾಯ್ತದೆ.

ನಾನ್ ಹೇಳ್ಬೇಕು ಅಂದಿದ್ದು ಹಸಿರೆಲೆ ಗೊಬ್ರದ್ ವಿಷ್ಯ. ಮುಂಗಾರು ಮುಂಚಿನ ಮಳೆಗೆ ಅಪ್ಸೆಣಬು ಇಲ್ಲಾ ಡಯಾಂಚ ಚೆಲ್ಲಿ, ನಾಟಿಗೆ ಮುಂಚೆ ಹೂ ಬರೋ ಹೊತ್ಗೆ ಉತ್ತು ತುಳಿಸ್ಬುಡ್ತೀವಿ. ಹೂ ಬಿಟ್ಟು ಬಲ್ತೋದ್ರೆ ಕಾಂಡ ನಾರಾಗಿ ಕೊಳೆಯಲ್ಲ, ಅದ್ಕೆ 45 ದಿನದ ಮೇಲೆ ಬಿಡ್ಬಾರ್ದು. ಅದರ ಬೇರಲ್ಲಿ ಗಂಟು ಗಂಟು ಇರ್ತದೆ ನೋಡಿ, ಕುಯ್ದು ನೋಡುದ್ರೆ ಒಳಗೆ ಕೆಂಪಗೆ ಇರ್ಬೇಕು, ಕೆಂಪಗಿದ್ರೆ ಸಾರಜನಕ ಹಿಡಿಯೋ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲ್ಸ ಮಾಡ್ತಾ ಐತೆ ಅಂತ. ಇದೇ ನಿಜವಾದ ಬ್ಯಾಕ್ಟೀರಿಯಾ ಬಾಟ್ಲಿ ಅಂತೀನಿ ನಾನು, ನಮ್ ಗದ್ದೆ ಮಣ್ಣು ಮೆತ್ತಗೆ ಉಳ್ದಿರೋದು ಇದರಿಂದ್ಲೇ. ಬದಿನ ಮೇಲೆ ಗ್ಲಿರಿಸಿಡಿಯಾ, ಹೊಂಗೆ ಹಾಕಿದ್ರೆ ಸೊಪ್ಪು ಕಡ್ದು ಕೆಸರಿಗೆ ಹಾಕ್ಬೋದು. ಅಜೋಲಾನೂ (ನೀರ್ ಮೇಲೆ ತೇಲೋ ಸಣ್ಣ ಗಿಡ) ಹಾಕ್ತೀವಿ, ನಾಟಿ ಆಗಿ ಹತ್ತು ದಿನಕ್ಕೆ ಬಿಟ್ರೆ ಚೆನ್ನಾಗಿ ಹರಡಿ ನೀರ್ ಮುಚ್ಕೊತದೆ, ಕಳೆನೂ ಕಮ್ಮಿ, ಅದರೊಳಗಿರೋ ಪಾಚಿ ಸಾರಜನಕ ಹಿಡೀತದೆ. ಆದ್ರೆ ನಿಮ್ ರಾಯಚೂರು ಕೊಪ್ಪಳದ ಬ್ಯಾಸ್ಗೆ ಬಿಸ್ಲಿಗೆ ಅಜೋಲಾ ತಡೆಯಲ್ಲ ಕಣಣ್ಣ, ಮುಂಗಾರು ಬೆಳೆಗೆ ಮಾತ್ರ ನೋಡಿ.

ಮಣ್ಣಿನ ಮೇಷ್ಟ್ರು:

ಮದ್ದೂರಿನವರ ಮಾತು ನೂರಕ್ಕೆ ನೂರು ನಿಜ. ಡಯಾಂಚ ಗಂಟಿನ ಬ್ಯಾಕ್ಟೀರಿಯಾ ಹಿಡಿದ ಸಾರಜನಕ ಇದೆಯಲ್ಲ, ಅದು ಹುಲ್ಲಿನ ಸಾರಜನಕದ ಕೊರತೆಯನ್ನ ತುಂಬುತ್ತೆ, ಹುಲ್ಲು ಇಂಗಾಲ ಕೊಟ್ರೆ ಡಯಾಂಚ ಸಾರಜನಕ ಕೊಡುತ್ತೆ. ಎರಡನ್ನೂ ಒಂದೇ ಹಂಗಾಮಲ್ಲಿ ಕೂಡಿಸೋದು ಅಂದ್ರೆ ಬಹಳ ಒಳ್ಳೇ ಜೋಡಿ.

ಎಡದಂಡೆಯವರೇ, ನಿಮ್ಮ ತಾರೀಖು ನೋಡಿದ ಮೇಲೆ ನಾನು ಹೇಳೋದು, ನಿಮಗೆ ವರ್ಷಕ್ಕೆ ಎರಡು ಸಲ ಹುಲ್ಲು ಬೀಳುತ್ತೆ, ಎರಡಕ್ಕೂ ಒಂದೇ ಉಪಾಯ ಮಾಡೋಕೆ ಹೋಗ್ಬೇಡಿ.

ಡಿಸೆಂಬರ್ ಹುಲ್ಲು. ಇಲ್ಲಿ ಟೈಮಿಲ್ಲ, ಚಳಿ ಬೇರೆ, ಚಳಿಯಲ್ಲಿ ಜೀವಿಗಳೂ ನಿಧಾನ. ಜನವರಿ ಮೊದಲ ವಾರ ನಾಟಿ ಅಂದ್ರೆ ಮೂರು ಟನ್ ಹುಲ್ಲು ಕೊಳೆಯೋಕೆ ಸಾಧ್ಯ ಇಲ್ಲ, ಒತ್ತಾಯ ಮಾಡಿದ್ರೆ ಪಕ್ಕದವರ ಗದ್ದೆ ಕಥೆನೇ ಆಗುತ್ತೆ. ಹಾಗಾಗಿ ಈ ಸಲದ ಹುಲ್ಲನ್ನ ಬೇಲರ್ ಹಾಕಿ ಎತ್ತಿಸಿ, ದನಕ್ಕೋ ಮಾರಾಟಕ್ಕೋ ಕಾಂಪೋಸ್ಟಿಗೋ. ಕೂಳೆ ಮಾತ್ರ ಉಳಿಸಿ, ಅದೇ ಒಂದು ಟನ್ ಹತ್ತಿರ ಇರುತ್ತೆ, ಮಣ್ಣಿಗೆ ಅದೂ ಲಾಭವೇ. ಕಟಾವಾದ ಒಂದೆರಡು ದಿನದಲ್ಲೇ, ಎರೆಮಣ್ಣಲ್ಲಿ ಇನ್ನೂ ಹಸಿ ಇದ್ದಾಗಲೇ, ರೋಟಾವೇಟರ್ ಹೊಡೀರಿ. ಈ ಒಂದೆರಡು ದಿನ ಬಹಳ ಮುಖ್ಯ, ಬಿಟ್ರೆ ಮೇಲ್ಮಣ್ಣು ಒಣಗಿ ಗಟ್ಟಿಯಾಗುತ್ತೆ, ಹುಲ್ಲೂ ಒಣಗುತ್ತೆ, ಎರಡೂ ಕಳ್ಕೊಂಡಂಗೆ. ರೋಟಾವೇಟರ್ ಹೊಡೆಯೋಕೆ ಮುಂಚೆ ಎಕರೆಗೆ 10 ಕೆಜಿ ಯೂರಿಯಾ ಎರಚಿ, ಇದು ಹೆಚ್ಚಿಗೆ ಯೂರಿಯಾ ಅಲ್ಲ, ನಾಟಿ ಟೈಮಲ್ಲಿ ಹಾಕೋ ಮೂಲಗೊಬ್ಬರದಿಂದ ಕಳೆದು ಈಗ ಹಾಕೋದು. ಮೂರು ವಾರ ನೀರು ನಿಲ್ಲಿಸದೆ ಹಸಿ ಮಾತ್ರ ಇರೋ ಹಾಗೆ ಬಿಡಿ.

ಮೇ ತಿಂಗಳ ಹುಲ್ಲು, ಇದು ನಿಮಗೆ ಸಿಗೋ ನಿಜವಾದ ಅವಕಾಶ, ಎರಡು ತಿಂಗಳಿಗಿಂತ ಜಾಸ್ತಿ ಇದೆ. ಇಲ್ಲಿ ಪೂರ್ತಿ ಹುಲ್ಲು ಸೇರಿಸಿ. ಕಟಾವು ಮಷಿನ್ ಮಾಲೀಕನಿಗೆ ಮೊದಲೇ ಹೇಳಿ ಹುಲ್ಲು ಹರಡೋ ಅಟ್ಯಾಚ್‌ಮೆಂಟ್ ಇದ್ರೆ ಹಾಕಿಸಿ, ಇಲ್ಲಾಂದ್ರೆ ಮಲ್ಚರ್ ಹೊಡೆಸಿ ತುಂಡು ಮಾಡಿಸಿ, ಆಮೇಲೆ ಹಸಿ ಆರೋದ್ರೊಳಗೆ ಎಕರೆಗೆ 20-25 ಕೆಜಿ ಯೂರಿಯಾ ಎರಚಿ ಉತ್ತು ಬಿಡಿ. ಡಿಕಂಪೋಸರ್ ಹೊಡೆಯೋದಾದ್ರೆ ಇದೇ ಟೈಮ್, ಸಂಜೆ ಹೊಡೆದು ಕೂಡ್ಲೇ ಮಣ್ಣಲ್ಲಿ ಮುಚ್ಚಬೇಕು. ಆಮೇಲೆ ಒಣಗಿ ಕೆಲಸ ನಿಲ್ಲುತ್ತೆ ನಿಜ, ಪರವಾಗಿಲ್ಲ, ಮೊದಲ ಮಳೆ ಬಿದ್ದ ಕೂಡ್ಲೇ ಜೀವಿಗಳು ಮತ್ತೆ ಏಳ್ತವೆ. ಆ ಮಳೆಗೇ ಡಯಾಂಚ ಚೆಲ್ಲಿ. ಕಾಲುವೆ ನೀರು ಬರೋ ಹೊತ್ತಿಗೆ ಹುಲ್ಲು ಮುಕ್ಕಾಲು ಕರಗಿರುತ್ತೆ, ಡಯಾಂಚ ಸೊಂಟದೆತ್ತರ ಬಂದಿರುತ್ತೆ. ಎರಡನ್ನೂ ಸೇರಿಸಿ ಕೆಸರು ಮಾಡಿ, ವಾರ ಹತ್ತು ದಿನ ಬಿಟ್ಟು ನಾಟಿ.

ಸವಳು ಮೂಲೆಗೆ ಇನ್ನೂ ಒಳ್ಳೇ ಸುದ್ದಿ, ಡಯಾಂಚ ಸವಳು ತಡೆಯೋ ಗಿಡ, ಭತ್ತಕ್ಕಿಂತ ಚೆನ್ನಾಗಿ ತಡೆಯುತ್ತೆ. ಹುಲ್ಲು ಸೊಪ್ಪು ಕೊಳೆತಾಗ ಮಣ್ಣಿನ ಕಣಗಳು ಸಣ್ಣ ಸಣ್ಣ ಹರಳಾಗಿ ಕೂಡಿ, ನಡುವೆ ಸಂದು ಬಿದ್ದು ನೀರು ಕೆಳಗಿಳಿಯುತ್ತೆ, ಉಪ್ಪೂ ಜೊತೆಗೆ ಇಳಿಯುತ್ತೆ. ಆದ್ರೆ ನೀರು ಹೊರಗೆ ಹೋಗೋಕೆ ಬಸಿಗಾಲುವೆ ಇರಲೇಬೇಕು, ಅದಿಲ್ಲದೆ ಯಾವ ಗೊಬ್ಬರ ಯಾವ ಬ್ಯಾಕ್ಟೀರಿಯಾನೂ ಸವಳು ತೆಗೆಯಲ್ಲ. ಮಣ್ಣಿನ ರಸಸಾರ (ಪಿಎಚ್) 8.5ರ ಮೇಲಿದ್ರೆ ಜಿಪ್ಸಂ ಎಷ್ಟು ಬೇಕು ಅಂತ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಸವಳು ಜವಳು ಮಣ್ಣಿನ ಕೆಲಸ ಅಲ್ಲಿ ಬಹಳ ವರ್ಷದಿಂದ ನಡೀತಿದೆ, ನಿಮಗೆ ಹತ್ತಿರವೂ ಹೌದು.

ಇನ್ನೊಂದು ಯಾರೂ ಹೇಳದೇ ಇರೋದು, ಸತು. ಎರೆಮಣ್ಣು, ನಿಂತ ನೀರು, ಅದರ ಮೇಲೆ ಹಸಿ ಹುಲ್ಲು, ಈ ಮೂರು ಸೇರಿದ್ರೆ ಸತುವಿನ ಕೊರತೆ ಜಾಸ್ತಿ ಕಾಣುತ್ತೆ, ನಾಟಿ ಆಗಿ ಎರಡು ಮೂರು ವಾರಕ್ಕೆ ಎಲೆ ಮೇಲೆ ತುಕ್ಕಿನ ಚುಕ್ಕೆ ಬರುತ್ತೆ. ಅದನ್ನ ನೋಡಿ ಹುಲ್ಲಿಂದ ರೋಗ ಬಂತು ಅಂತ ಎಷ್ಟೋ ಜನ ಮತ್ತೆ ಸುಡೋಕೆ ಹೋಗ್ತಾರೆ. ಎಕರೆಗೆ 8-10 ಕೆಜಿ ಜಿಂಕ್ ಸಲ್ಫೇಟ್ ಹಾಕಿ, ಡಿಎಪಿ ಜೊತೆ ಬೆರೆಸಬೇಡಿ.

ಭದ್ರಾ ನಾಲೆ:

ದಾವಣಗೆರೆ ಕಡೆಯವಳು ನಾನು, ಭದ್ರಾ ನೀರು ನಮ್ದು. ಕಾಂಪೋಸ್ಟ್ ಬಗ್ಗೆ ಸ್ವಲ್ಪ ಸೇರಿಸ್ತೀನಿ ಯಾಕಂದ್ರೆ ನಮ್ಮ ಮನೆಯಲ್ಲಿ ಹುಲ್ಲಿನ ಕಾಂಪೋಸ್ಟ್ ಕೆಲಸ ನಂದೇ. ಗದ್ದೆ ಬದಿ ಮೇಲೆ ನೆರಳಿರೋ ಕಡೆ ಮಾಡಿ, ನೀರು ಹತ್ತಿರ ಇರ್ಬೇಕು. ಒಂದು ಪದರ ಹುಲ್ಲು, ಅದರ ಮೇಲೆ ಸಗಣಿ ನೀರು, ಅದರಲ್ಲೇ ಟ್ರೈಕೋಡರ್ಮಾ (ಹುಲ್ಲು ಕೊಳೆಸೋ ಶಿಲೀಂಧ್ರ) ಕಲಸಿರ್ತೀವಿ, ಮೇಲೆ ಒಂದು ಹಿಡಿ ಹಿಡಿ ಮಣ್ಣು, ಮತ್ತೆ ಹುಲ್ಲು, ಹಿಂಗೆ ಎದೆ ಮಟ್ಟ ಬರೋ ತನಕ. ಹುಲ್ಲನ್ನ ಹಿಂದಿನ ದಿನವೇ ಚೆನ್ನಾಗಿ ನೆನೆಸ್ಬೇಕು, ಒಣ ಹುಲ್ಲು ಮೇಲಿಂದ ನೀರು ಸುರಿದ್ರೆ ಒಳಗೆ ಹಿಡಿಯೋದೇ ಇಲ್ಲ ಜಾರಿ ಹೋಗುತ್ತೆ. ಕೈಯಲ್ಲಿ ಹಿಂಡಿದ್ರೆ ನಾಲ್ಕು ಹನಿ ಬರ್ಬೇಕು ಅಷ್ಟೇ ತೇವ. ನಾಲ್ಕೈದು ದಿನಕ್ಕೆ ಕೈ ಇಟ್ರೆ ಸುಡುತ್ತೆ ಒಳಗೆ, ಬಿಸಿ ಬರ್ಲಿಲ್ಲ ಅಂದ್ರೆ ನೀರು ಕಮ್ಮಿ ಇದೆ ಇಲ್ಲಾ ಸಗಣಿ ಕಮ್ಮಿ ಇದೆ ಅಂತ. ಹದಿನೈದು ದಿನಕ್ಕೊಂದ್ಸಲ ತಿರುವಿ ಹಾಕ್ಬೇಕು, ಎರಡೂವರೆ ಮೂರು ತಿಂಗಳಿಗೆ ಕರಿ ಗೊಬ್ಬರ ಆಗುತ್ತೆ. ಡಿಸೆಂಬರ್ ಹುಲ್ಲಲ್ಲಿ ಮಾಡಿದ್ರೆ ಮುಂಗಾರು ನಾಟಿಗೆ ಸರಿಯಾಗಿ ಸಿಗುತ್ತೆ.

ಅಜೋಸ್ಪಿರಿಲಂ, ರಂಜಕ ಕರಗಿಸೋ ಬ್ಯಾಕ್ಟೀರಿಯಾ ಇವನ್ನ ನಾವು ಈ ಕಾಂಪೋಸ್ಟ್ ಜೊತೆಗೇ ಕೊಡ್ತೀವಿ. ಸ್ವಲ್ಪ ಪುಡಿ ನೀರಲ್ಲಿ ಕದಡಿ ನಾಟಿ ದಿನ ಸಸಿ ಕಟ್ಟಿನ ಬೇರು ಅರ್ಧ ಗಂಟೆ ಅದ್ದಿಡೋದು, ಉಳಿದಿದ್ದು ಕಾಂಪೋಸ್ಟಿಗೆ ಬೆರೆಸಿ ಒಂದೆರಡು ದಿನ ನೆರಳಲ್ಲಿ ಗೋಣಿಚೀಲ ಮುಚ್ಚಿಟ್ಟು ಗದ್ದೆಗೆ ಎರಚೋದು. ಪ್ಯಾಕೆಟ್ ತಗೊಳ್ಳುವಾಗ ತಯಾರಾದ ತಾರೀಖು ನೋಡಿ, ಪುಡಿ ರೂಪದ್ದು ಆರು ತಿಂಗಳೊಳಗೇ ಬಳಸ್ಬೇಕು, ಒಂದು ಗ್ರಾಂನಲ್ಲಿ 5 ಕೋಟಿ ಜೀವಕೋಶ ಇರ್ಬೇಕು ಅಂತ ನಿಯಮ ಇದೆ, ದ್ರವ ರೂಪದ್ದಾದ್ರೆ ಒಂದು ಮಿಲಿಯಲ್ಲಿ 10 ಕೋಟಿ, ಅದನ್ನ ಲೇಬಲ್ ಮೇಲೆ ಬರೆದಿರ್ತಾರೆ. ಬರೆದಿಲ್ಲ ಅಂದ್ರೆ, ಅಂಗಡಿಯಲ್ಲಿ ಬಿಸಿಲು ಬೀಳೋ ಕಡೆ ಇಟ್ಟಿದ್ರೆ, ತಗೋಬೇಡಿ. ಕೃಷಿ ವಿಶ್ವವಿದ್ಯಾಲಯದ ಕೇಂದ್ರಗಳಲ್ಲಿ ಸಿಕ್ಕಿದ್ರೆ ಅಲ್ಲೇ ತಗೊಳ್ಳಿ, ತಾಜಾ ಇರುತ್ತೆ, ರೇಟೂ ಕಮ್ಮಿ. ಯೂರಿಯಾ ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಿದ್ರೆ ಸಾಯ್ತವೆ, ವಾರದ ಅಂತರ ಇರ್ಲಿ.

ಸಿಂಧನೂರು ಕ್ಯಾಂಪ್:

ಮೇಷ್ಟ್ರ, ಡಿಸೆಂಬರ್ ಬ್ಯಾರೆ ಮೇ ಬ್ಯಾರೆ ಅಂತ ಹೇಳಿದ್ದು ನಮಗ ಸರಿ ಕೂಡ್ತದ, ಇಷ್ಟು ದಿನ ಹೇಳಿದವರು ಯಾರೂ ಹಿಂಗ ಬಿಡಿಸಿ ಹೇಳಿದ್ದಿಲ್ಲ. ಒಂದು ಪ್ರಶ್ನೆ, ಎಲ್ಲಾ ಸರಿ ಮಾಡಿದ್ರೂ ನಾಟಿ ಆದಮ್ಯಾಲೆ ಗುಳ್ಳಿ ಎದ್ದು ವಾಸನಿ ಬಂದ್ರ ಏನ್ ಮಾಡೋದು?

ಮಣ್ಣಿನ ಮೇಷ್ಟ್ರು:

ನೀರು ಬಸಿದುಬಿಡಿ. ಮೂರು ನಾಲ್ಕು ದಿನ ಗದ್ದೆಯಲ್ಲಿ ನೀರು ನಿಲ್ಲಬಾರದು, ಮಣ್ಣಿಗೆ ಗಾಳಿ ಹೋದ್ರೆ ಆ ಅನಿಲ ಎಲ್ಲಾ ಹೊರಟುಹೋಗುತ್ತೆ, ಬಿಳಿ ಬೇರು ಹೊಸದಾಗಿ ಬರುತ್ತೆ. ಯೂರಿಯಾ ಹಾಕೋದಿದ್ರೆ ಬಸಿದ ಮೇಲೆ ಹಾಕಿ ಆಮೇಲೆ ನೀರು ಕೊಡಿ, ಹಳದಿ ಕಂಡ ತಕ್ಷಣ ನಿಂತ ನೀರಿಗೆ ಯೂರಿಯಾ ಎರಚಬೇಡಿ. ಎರೆಮಣ್ಣು ಕೂದಲೆಳೆ ಬಿರುಕು ಬಿಡೋ ತನಕ ಸಾಕು, ಬೆರಳು ಹೋಗೋ ಬಿರುಕು ಬಿಟ್ರೆ ಆಮೇಲೆ ಹಾಕಿದ ನೀರೆಲ್ಲ ಅದರಲ್ಲೇ ಇಳಿದು ಹೋಗುತ್ತೆ. ಸವಳು ಇರೋ ಮೂಲೆ ಮಾತ್ರ ಪೂರ್ತಿ ಒಣಗಿಸಬೇಡಿ, ಉಪ್ಪು ಮೇಲೆ ಬರುತ್ತೆ, ಅಲ್ಲಿ ಹಳೇ ನೀರು ಬಿಟ್ಟು ಕೂಡ್ಲೇ ಹೊಸ ನೀರು ಕೊಡಿ.

ಮುಂಗಾರಲ್ಲಿ ಹಸಿ ಹುಲ್ಲು ಇಲ್ಲದಿದ್ರೂ ಈ ಕಟ್ಟಿ ಬಿಡೋ ಪದ್ಧತಿ ಒಳ್ಳೇದು. ತೂತು ಮಾಡಿದ ಪೈಪ್ ಗದ್ದೆಯಲ್ಲಿ ಹೂತಿಟ್ಟು ನೀರು ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗೆ ಹೋದಾಗ ಮತ್ತೆ ನೀರು ಕೊಡೋದು, ಹೂ ಬರೋ ಟೈಮಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತೇ ಇರ್ಬೇಕು. ನೀರೂ ಉಳಿಯುತ್ತೆ, ಮೀಥೇನ್ ಅರ್ಧದಷ್ಟು ಕಮ್ಮಿ ಆಗುತ್ತೆ. ಕಾಲುವೆಯಲ್ಲಿ ಸರದಿ ಮೇಲೆ ನೀರು ಬಿಡೋ ವರ್ಷ ನೀವು ಹೇಗೂ ಇದನ್ನೇ ಮಾಡ್ತೀರಿ.

ಎಡದಂಡೆ ರೈತ:

ಎಲ್ಲರಿಗೂ ಭಾಳ ಧನ್ಯವಾದ್ರೀ, ಅಕ್ಕಾರು ಕಾಂಪೋಸ್ಟ್ ಹೇಳಿದ್ದು ಪೂರ್ತಿ ಬರಕೊಂಡೀನಿ. ಮನಿಯಾಗ ಒಪ್ಪಿಸೀವಿ, ಡಿಸೆಂಬರ್‌ದಾಗ ಬೇಲರ್ ಹಾಕಿಸಿ ಅರ್ಧ ಹುಲ್ಲು ಮಾರೋದು ಅರ್ಧ ಕಾಂಪೋಸ್ಟ್, ಕೂಳಿ ರೋಟಾವೇಟರ್ ಹೊಡಿಯೋದು, ಮೇ ತಿಂಗಳಾಗ ಎರಡು ಎಕರೆದಾಗ ಮಾತ್ರ ಪೂರ್ತಿ ಹುಲ್ಲು ಉತ್ತು ಡಯಾಂಚ. ಒಂದೇ ಸಲ ಎಲ್ಲಾ ಹೊಲದಾಗ ಮಾಡಂಗಿಲ್ಲ. ಅಂಗಡಿ ಬಾಟ್ಲಿ ತಂದು ಇಟ್ಟಿದ್ದು ಐತಿ, ಅದನ್ನ ಅರ್ಧ ಎಕರೆಕ್ಕ ಹೊಡೆದು ನೋಡ್ಲೇನು ಸರ್? ಕೆಲಸ ಮಾಡಿತು ಇಲ್ಲೋ ಅಂತ ಹೆಂಗ ತಿಳಿಯೋದು?

ಮಣ್ಣಿನ ಮೇಷ್ಟ್ರು:

ಖಂಡಿತ ನೋಡಿ, ಆದ್ರೆ ಅದರ ಪಕ್ಕದಲ್ಲೇ ಅಷ್ಟೇ ಜಾಗ ಬಾಟ್ಲಿ ಹೊಡೆಯದೆ ಬಿಡಿ, ಉಳಿದಿದ್ದೆಲ್ಲ ಒಂದೇ ಥರ ಇರ್ಬೇಕು, ಅದೇ ದಿನ ಉಳುಮೆ, ಅಷ್ಟೇ ಯೂರಿಯಾ, ಅಷ್ಟೇ ನೀರು. ಸೊಳ್ಳೆಪರದೆ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿಸಿ ಒಂದೊಂದಕ್ಕೂ ಒಣ ಹುಲ್ಲು 50 ಗ್ರಾಂ ತೂಗಿ ತುಂಬಿ, ಎರಡೂ ಕಡೆ ಐದೈದು ಚೀಲ ಗೇಣುದ್ದ ಆಳದಲ್ಲಿ ಹೂತಿಡಿ, ಬಾಟ್ಲಿ ಕಡೆಯ ಚೀಲಗಳನ್ನ ಹೂಳೋ ಮುಂಚೆ ಅದೇ ದ್ರಾವಣದಲ್ಲಿ ಅದ್ದಿ, ಇನ್ನೊಂದು ಕಡೆಯವನ್ನ ಬರೀ ನೀರಲ್ಲಿ ಅದ್ದಿ. ಹೂತ ಜಾಗಕ್ಕೆ ಕೋಲು ನೆಟ್ಟು ಗುರುತಿಡಿ. ತಿಂಗಳಾದ ಮೇಲೆ ತೆಗೆದು ಮಣ್ಣು ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಕ ಮಾಡಿ. ಬಾಟ್ಲಿ ಕಡೆ ಚೀಲ ಐದೂ ಸ್ಪಷ್ಟವಾಗಿ ಹಗುರ ಇದ್ರೆ ಬಾಟ್ಲಿ ಕೆಲಸ ಮಾಡಿದೆ, ಎರಡೂ ಕಡೆ ಒಂದೇ ತೂಕ ಬಂದ್ರೆ ಮುಂದಿನ ವರ್ಷ ಆ ದುಡ್ಡಲ್ಲಿ ಡಯಾಂಚ ಬೀಜ ತಗೊಳ್ಳಿ. ಮಣ್ಣು ಪರೀಕ್ಷೆ ಮಾತ್ರ ತಿಂಗಳಿಗೆ ಮಾಡಿಸಿ ಪ್ರಯೋಜನ ಇಲ್ಲ, ಇಂಗಾಲ ಅಷ್ಟು ಬೇಗ ಏರಲ್ಲ, ಎರಡು ಮೂರು ವರ್ಷ ಬಿಟ್ಟು ಅದೇ ತಿಂಗಳಲ್ಲಿ ಅದೇ ಜಾಗದ ಮಣ್ಣು ತೆಗೆದು ಕೊಡಿ. ಚೀಲದ ತೂಕ ಬಂದ ಮೇಲೆ ಇಲ್ಲೇ ಹಾಕಿ, ಬಾಟ್ಲಿ ಮೇಲೆ ಯಾವ ಯಾವ ಜೀವಿ ಹೆಸರು ಬರೆದಿದೆ ಅಂತಾನೂ ಬರೀರಿ.

ಎಡದಂಡೆ ರೈತ:

ಆಯ್ತು ಸರ್. ಲೇಬಲ್ ಮ್ಯಾಲೆ ಬ್ಯಾಸಿಲಸ್ ಮತ್ತ ಟ್ರೈಕೋಡರ್ಮಾ ಅಂತ ಐತಿ, ಜೀವಕೋಶದ ಲೆಕ್ಕ ಬರೆದಿಲ್ಲ, ತಯಾರಾದ ತಾರೀಖು ಅಳಿಸಿಹೋಗೇತಿ. ಬ್ಯಾರೆ ತಾಜಾದು ಗಂಗಾವತಿ ಕೇಂದ್ರದಾಗ ಕೇಳಿ ತಂದು ಅದರ ಮ್ಯಾಲೇ ಚೀಲದ ಪರೀಕ್ಷಿ ಮಾಡ್ತೀನಿ, ಮೇ ಕಟಾವಿಗೆ.